ಅವ್ವನ ಕಾಬೂಲಿ

ಜಗಳೂರಿನ ನಮ್ಮ ಮನೆಗೆ ಮೂರು ಕೋಣೆ, ಒಂದು ಹಿತ್ತಲು. ಮನೆ ಅಜ್ಜಿಯ ಹೆಸರಿನಲ್ಲಿತ್ತು. ಅದನ್ನು ಅಜ್ಜಿ ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವ ಅಗತ್ಯವೇ ಬೀಳದಂತೆ ಓಡಾಡುತ್ತಿದ್ದಳು. ಮುಂದೆ ಪಡಸಾಲೆ, ಅಲ್ಲಿ ಅಪ್ಪನ ಮಂಚ ಮತ್ತು ಮೊಳೆಗೆ ನೇತುಹಾಕಿದ ಅವನ ಕಂಡಕ್ಟರ್ ಚೀಲ. ನಡುಮನೆಯಲ್ಲಿ ದೇವರ ಗೂಡು, ಕಾಳಿನ ಡಬ್ಬಗಳು, ಸುತ್ತಿಟ್ಟ ಹಾಸಿಗೆಗಳು. ಅದರ ಹಿಂದೆ ಅಡುಗೆಮನೆ. ಅಲ್ಲಿಗೆ ಹೋಗಬೇಕಾದರೆ ಕಾಲು ತೊಳೆದಿರಬೇಕು, ಹೊಸ್ತಿಲು ತುಳಿಯಬಾರದು, ಕೊಡಕ್ಕೆ ಲೋಟ ಅದ್ದುವ ಮೊದಲು ಕೈ ಒರೆಸಿಕೊಳ್ಳಬೇಕು. ನಾವು ಊರಿನಲ್ಲಿ ದೊಡ್ಡ ಜಾತಿಯವರೇನಲ್ಲ. ನಮಗಿಂತ ಮೇಲಿನವರ ಮನೆಗೆ ಹೋದರೆ ಅಜ್ಜಿಯೂ ಪಡಸಾಲೆ ದಾಟುತ್ತಿರಲಿಲ್ಲ. ಆದರೆ ತನಗಿಂತ ಕೆಳಗೆ ಯಾರ್ಯಾರು, ಎಷ್ಟೆಷ್ಟು ಕೆಳಗೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಸೊಕ್ಕೆ ಹಳ್ಳಿಯಿಂದ ಕಡಲೆಕಾಯಿ ತರುತ್ತಿದ್ದವನಿಗೆ ಪಡಸಾಲೆಯಲ್ಲಿ ಲೋಟದ ಚಹಾ. ಚರಂಡಿ ಬಳಿಯಲು ಬರುತ್ತಿದ್ದವಳಿಗೆ ಹಿತ್ತಲ ಬಾಗಿಲಲ್ಲಿ, ತೆಂಗಿನ ಚಿಪ್ಪಿನಲ್ಲಿ. ಎರಡೂ ಒಂದೇ ಪಾತ್ರೆಯ ಚಹಾ. ನಾನು ಇದನ್ನೆಲ್ಲ ನೋಡಿಕೊಂಡೇ ಬೆಳೆದೆ, ಮತ್ತು ಅದರಲ್ಲಿ ನನಗೆ ವಿಶೇಷವೇನೂ ಕಾಣುತ್ತಿರಲಿಲ್ಲ.

ಅವ್ವ ಈ ಮನೆಗೆ ಬಂದದ್ದು ಹೊನ್ನಾಳಿಯಿಂದ. ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ದಾವಣಗೆರೆ, ಹೊನ್ನಾಳಿ ಅವನ ರೂಟು. ಹೊನ್ನಾಳಿಯಲ್ಲಿ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರಂತೆ, ಎಲ್ಲಿಂದಲೋ ಬಂದು ನೆಲೆಸಿದವರು, ಒಂಟಿ ಜೀವ. ಅವರ ಮನೆಯಲ್ಲಿ ಬೆಳೆದ ತಬ್ಬಲಿ ಹುಡುಗಿ, ನಮ್ಮ ಪೈಕಿಯೇ, ಹೆಸರು ಗಿರಿಜಾ ಎಂದು ಅಜ್ಜಿಗೆ ಹೇಳಿ ಅಪ್ಪ ಅವ್ವನನ್ನು ಮದುವೆಯಾಗಿ ಕರೆತಂದಿದ್ದ. ಅಜ್ಜಿ ಮೊದಮೊದಲು ಮುಖ ಗಂಟು ಹಾಕಿಕೊಂಡಿದ್ದಳಂತೆ. ತವರಿಲ್ಲದ ಸೊಸೆ ಎಂದರೆ ಹಬ್ಬಕ್ಕೆ ಹೋಗಿಬರಲು ಮನೆಯಿಲ್ಲ, ಬೀಗರೆಂದು ಹೇಳಿಕೊಳ್ಳಲು ಜನರಿಲ್ಲ. ಆದರೆ ಅವ್ವನ ಅಡುಗೆ ಆ ಗಂಟನ್ನು ನಿಧಾನಕ್ಕೆ ಬಿಡಿಸಿತು. ನಾನು ಕಣ್ಣುಬಿಟ್ಟು ನೋಡುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಒಂದೇ ಒಲೆಯ ಮುಂದೆ ಕೂತು, ಒಬ್ಬಳು ರೊಟ್ಟಿ ತಟ್ಟಿದರೆ ಇನ್ನೊಬ್ಬಳು ಬೇಯಿಸುವಷ್ಟು ಹೊಂದಿಕೊಂಡಿದ್ದರು. ಜಗಳವಾಡುತ್ತಿದ್ದರು, ಇಲ್ಲವೆಂದಲ್ಲ. ಉಪ್ಪಿಗೆ, ಸೌದೆಗೆ, ನನ್ನ ತಲೆಯ ಹೇನಿಗೆ ಜಗಳವಾಡುತ್ತಿದ್ದರು. ಒಂದೇ ಮನೆಯವರು ಆಡುವ ಜಗಳ ಅದು.

ಹಿತ್ತಲಲ್ಲಿ ಒಂದು ಪೇರಲ ಗಿಡವಿತ್ತು. ನಮ್ಮ ಊರಿನ ನೆಲಕ್ಕೆ ಅಷ್ಟು ಹಣ್ಣು ಬಿಡುವ ಯೋಗ್ಯತೆ ಇರಲಿಲ್ಲ. ಬಚ್ಚಲ ನೀರೆಲ್ಲ ಅದರ ಬುಡಕ್ಕೇ ಹೋಗುತ್ತಿದ್ದುದರಿಂದ ಬಿಡುತ್ತಿತ್ತು. ಹಣ್ಣಾಗುವ ಕಾಲಕ್ಕೆ ಅವ್ವ ಡಾಕ್ಟರಮ್ಮನಿಂದ ಕಲಿತ ಒಂದು ತಿಂಡಿ ಮಾಡುತ್ತಿದ್ದಳು. ಹಣ್ಣನ್ನು ಹೆಚ್ಚಿ, ಬೀಜ ತೆಗೆದು, ಬೆಲ್ಲ ಮತ್ತು ಎರಡು ಲವಂಗ ಹಾಕಿ ಅರೆಬೇಯಿಸಿ ಒಂದು ಅಗಲ ಬಟ್ಟಲಿಗೆ ಸುರಿಯುವುದು. ಮೈದಾ ಹಿಟ್ಟಿಗೆ ಬೆಣ್ಣೆ ಉಜ್ಜಿ, ಮೊಸರು, ಚಿಟಿಕೆ ಸೋಡಾ ಹಾಕಿ, ಆ ಹಿಟ್ಟನ್ನು ಹಣ್ಣಿನ ಮೇಲೆ ಉಂಡೆ ಉಂಡೆಯಾಗಿ ಬಿಡುವುದು. ನಮ್ಮಲ್ಲಿ ಓವನ್ ಎಲ್ಲಿಯದು. ದಪ್ಪ ತಳದ ಬೋಗುಣಿಯಲ್ಲಿ ಹಳ್ಳದ ಮರಳು ಹರಡಿ, ಅದರೊಳಗೆ ಬಟ್ಟಲಿಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿ ಅವ್ವ ಕಾಯುತ್ತಿದ್ದಳು. ನನ್ನ ಕೆಲಸ ಕಸ್ಟರ್ಡ್. ಡಬ್ಬದ ಪುಡಿಯನ್ನು ಮೊದಲು ತಣ್ಣನೆಯ ಹಾಲಿನಲ್ಲಿ ಕಲಸಿ, ಆಮೇಲೆ ಕುದಿಯುವ ಹಾಲಿಗೆ ಸುರಿದು, ಗಂಟಾಗದಂತೆ ಕೈ ಬಿಡದೆ ತಿರುವಬೇಕು. ಹಿಟ್ಟು ಕಲಸಲು ಮಾತ್ರ ಅವ್ವ ನನ್ನನ್ನು ಬಿಡುತ್ತಿರಲಿಲ್ಲ.

"ನೀನು ರೊಟ್ಟಿ ಹಿಟ್ಟು ಮಾಡಿದಂಗೆ ನಾದ್ತೀಯ. ಇದನ್ನ ಹಂಗೆ ಮುಟ್ಟಬಾರದು. ಮುಟ್ಟಿದ್ನೋ ಇಲ್ಲೋ ಅನ್ನಂಗೆ ಮುಟ್ಟಬೇಕು. ಇಲ್ಲಾಂದ್ರೆ ಕಲ್ಲಾಗ್ತೈತೆ."

ಬೆಂದ ಉಂಡೆಗಳು ಮೇಲೆ ಕೆಂಪಗೆ, ಒಳಗೆ ಹತ್ತಿಯಂತೆ ಇರುತ್ತಿದ್ದವು. ಅಡಿಯಲ್ಲಿ ಪೇರಲದ ರಸ ಪಾಕವಾಗಿರುತ್ತಿತ್ತು. ಅದರ ಮೇಲೆ ಹಳದಿ ಕಸ್ಟರ್ಡ್ ಸುರಿದರೆ ಅಜ್ಜಿಗೆ ಬೇರೆ ಊಟ ಬೇಡ. ಅವಳಿಗೆ ಆಗಲೇ ಹಲ್ಲು ಉದುರಿದ್ದವು. ಬಾಯಿಯಲ್ಲಿಟ್ಟರೆ ತಾನಾಗಿ ಕರಗುವ ತಿಂಡಿ ಅವಳ ಪಾಲಿಗೆ ಬೇರೆ ಇರಲಿಲ್ಲ. ಅವ್ವ ಅದನ್ನು ಡಾಕ್ಟರಮ್ಮ ಹೇಳಿದಂತೆ ಕಾಬ್ಲರ್ ಎನ್ನುತ್ತಿದ್ದಳು. ಅಜ್ಜಿಯ ಕಿವಿಗೆ ಅದು ಕಾಬೂಲಿ ಎಂದು ಕೇಳಿಸಿತು. ಕಾಬೂಲಿ ಕಡಲೆ ಇರುವ ಹಾಗೆ ಕಾಬೂಲಿ ತಿಂಡಿಯೂ ಇರಬೇಕು, ಕಾಬೂಲಿನ ಜನ ಉಣ್ಣುವಂಥದ್ದು ಎಂದು ಅವಳೇ ತೀರ್ಮಾನ ಮಾಡಿ ಓಣಿಗೆಲ್ಲ ಹೇಳಿದ್ದಳು. ಬೇರೆಯವರ ಸೊಸೆಯಂದಿರು ಹೋಳಿಗೆ ಮಾಡುತ್ತಾರೆ, ನಮ್ಮ ಗಿರಿಜಾ ಕಾಬೂಲಿ ಮಾಡುತ್ತಾಳೆ. ಅಜ್ಜಿ ಅವ್ವನ ಬಗ್ಗೆ ಜಂಬ ಪಟ್ಟಿದ್ದು ಇದೊಂದೇ ವಿಷಯಕ್ಕೆ ಇರಬೇಕು. ಅವ್ವ ತಿದ್ದಲಿಲ್ಲ. ತಿದ್ದುವುದು ಅವಳ ಜಾಯಮಾನವಲ್ಲ. ಅದು ನನ್ನದು.

ವರ್ಷಕ್ಕೆ ಎರಡೋ ಮೂರೋ ಸಲ ಅವ್ವ ನನ್ನನ್ನು ಹೊನ್ನಾಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಡಾಕ್ಟರಮ್ಮ ತೀರಿಕೊಂಡು ಬಹಳ ದಿನವಾಗಿತ್ತು. ಅವರ ಸಮಾಧಿಗೆ ಹೂವಿಟ್ಟು ಬರುತ್ತೇನೆ ಎಂದು ಅಜ್ಜಿಗೆ ಹೇಳಿ ಹೊರಡುತ್ತಿದ್ದಳು. ಸಮಾಧಿಯ ಹತ್ತಿರ ನಾವು ನಿಲ್ಲುತ್ತಿದ್ದುದು ಐದು ನಿಮಿಷ. ಉಳಿದ ಹೊತ್ತೆಲ್ಲ ಬಸ್‌ಸ್ಟ್ಯಾಂಡಿನಲ್ಲಿ. ಯಾಕೆಂದರೆ ಪ್ರತಿ ಸಲವೂ ಹೊನ್ನಾಳಿ ಮುಟ್ಟುವಷ್ಟರಲ್ಲಿ ನನ್ನ ಚಪ್ಪಲಿ ಕಿತ್ತುಹೋಗಿರುತ್ತಿತ್ತು. ಅದು ಹೇಗೆ ಎಂದು ನನಗೆ ಗೊತ್ತಿತ್ತು. ಊರು ಹತ್ತಿರ ಬಂದಾಗ ಅವ್ವ ಬಗ್ಗಿ ನನ್ನ ಕಾಲಿನಿಂದ ಚಪ್ಪಲಿ ತೆಗೆದು, ಹೆಬ್ಬೆರಳು ತೂರಿಸುವ ಅದರ ಉಂಗುಟವನ್ನು ಎರಡು ಕೈಯಿಂದ ಹಿಡಿದು ಎಳೆದುಬಿಡುತ್ತಿದ್ದಳು. ನಾನು ಯಾಕೆ ಎಂದು ಕೇಳಿದರೆ, ಹೆಂಗೂ ಸಡಿಲ ಆಗಿತ್ತು, ಹೊಲಿಸೋಣ ಬಾ ಎನ್ನುತ್ತಿದ್ದಳು. ಬಸ್‌ಸ್ಟ್ಯಾಂಡಿನ ಗೋಡೆಯ ನೆರಳಿನಲ್ಲಿ ಗೋಣಿತಾಟು ಹಾಸಿಕೊಂಡು ಒಬ್ಬ ಮುದುಕ ಕೂರುತ್ತಿದ್ದ. ಅವನು ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅಳತೆ ನೋಡುತ್ತಿದ್ದ. ಒಂದು ಉಂಗುಟ ಹೊಲಿಯಲು ಅಷ್ಟೊಂದು ಅಳತೆ ಯಾಕೆ ಬೇಕಿತ್ತೋ. ಹೊಲಿದ ದಾರವನ್ನು ಮತ್ತೆ ಬಿಚ್ಚಿ ಹೊಲಿಯುತ್ತಿದ್ದ. ಅವ್ವ ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಅವನ ಕೆಮ್ಮಿನ ಬಗ್ಗೆ, ಅವನು ಬೆಳಿಗ್ಗೆ ಏನು ಉಂಡ ಎಂಬುದರ ಬಗ್ಗೆ ಕೇಳುತ್ತಿದ್ದಳು. ಬರುವಾಗ ಒಂದು ಸ್ಟೀಲಿನ ಡಬ್ಬವನ್ನು ಅವನ ಪಕ್ಕದಲ್ಲಿ ಮರೆತವಳಂತೆ ಬಿಟ್ಟು ಬರುತ್ತಿದ್ದಳು. ಒಂದು ಸಲ ಅವನು ಅವಳನ್ನು ದುರುಗಿ ಎಂದು ಕರೆದ.

"ಯಾಕೆ ನಿನ್ನ ದುರುಗಿ ಅಂದ ಅವನು?" ಎಂದು ನಾನು ಬಸ್ಸಿನಲ್ಲಿ ಕೇಳಿದೆ.

"ವಯಸ್ಸಾದೋರು. ಎಲ್ಲರನ್ನೂ ಹಂಗೇ ಕರೀತಾರೆ," ಎಂದಳು ಅವ್ವ, ಕಿಟಕಿಯ ಕಡೆ ನೋಡುತ್ತ.

ಆರನೆಯ ತರಗತಿಯಲ್ಲಿ ಪ್ರಬಂಧ ಬರೆದದ್ದಕ್ಕೆ ನನಗೆ ಒಂದು ಇಂಗ್ಲಿಷ್-ಕನ್ನಡ ನಿಘಂಟು ಬಹುಮಾನವಾಗಿ ಬಂತು. ನೀಲಿ ರಟ್ಟು, ಅಂಗೈ ಅಗಲದ ಪುಸ್ತಕ. ಅದು ಬಂದ ಮೇಲೆ ನಾನು ಮನೆಯವರ ಪ್ರಾಣ ತಿನ್ನತೊಡಗಿದೆ. ಅಪ್ಪನ ಟಿಕೆಟ್ಟು, ಲಗೇಜು, ಪಕ್ಕದ ಮನೆಯ ರೇಡಿಯೊ, ಎಲ್ಲಕ್ಕೂ ಅರ್ಥ ಹುಡುಕಿ ಓದಿ ಹೇಳಬೇಕು. ಕಸ್ಟರ್ಡ್ ಎಂದರೆ ಹಾಲು ಮತ್ತು ಮೊಟ್ಟೆಯ ಸಿಹಿ ಎಂದು ಓದಿ ಅಜ್ಜಿಯನ್ನು ಗಾಬರಿಪಡಿಸಿದ್ದೆ. ಅವ್ವ ಡಬ್ಬ ತಂದು, ಇದರಾಗೆ ಮೊಟ್ಟೆ ಇಲ್ಲ ಅಂತ ಓದೇ ಎಂದು ನನ್ನಿಂದಲೇ ಓದಿಸಿ ಸಮಾಧಾನ ಮಾಡಿದ್ದಳು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಅರ್ಥ ಗೊತ್ತಾದರೆ ಅದನ್ನು ಜೋರಾಗಿ ಹೇಳಲೇಬೇಕು ಎಂಬ ಚಟ ನನ್ನನ್ನು ಮುಂದೆ ಮೇಷ್ಟರಮ್ಮನನ್ನಾಗಿ ಮಾಡಿತು. ಅದಕ್ಕೂ ಮೊದಲು ಅದು ನಮ್ಮ ಮನೆಯನ್ನು ಒಡೆಯಿತು.

ಅದು ಭಾನುವಾರ. ಅಪ್ಪನ ತಂಗಿ ಶಾಂತತ್ತೆ ನ್ಯಾಮತಿಯಿಂದ ಬಂದಿದ್ದಳು. ಒಳ್ಳೆಯ ಹೆಂಗಸು, ಬಾಯಿ ತುಂಬ ನಗು, ಯಾರನ್ನಾದರೂ ಚುಡಾಯಿಸದೆ ಕೂರಲಾರಳು. ಅವಳು ಬಂದಳೆಂದೇ ಅವ್ವ ಬೋಗುಣಿಗೆ ಮರಳು ಹಾಕಿದ್ದಳು. ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತಿದ್ದೆವು. ಅಜ್ಜಿಯ ಬಟ್ಟಲಿಗೆ ಮೊದಲು ಬಡಿಸಿ ಆಗಿತ್ತು, ಅವಳು ತಿನ್ನಲು ಶುರುಮಾಡಿಯೂ ಆಗಿತ್ತು. ಈ ಕಾಬೂಲಿ ಅನ್ನೋದು ಕಾಬೂಲಿನಿಂದಲೇ ಬಂದದ್ದಾ ಎಂದು ಶಾಂತತ್ತೆ ಕೇಳಿದಳು. ಅಜ್ಜಿ ಹೂಂ ಎಂದಳು. ನನಗೆ ತಡೆದುಕೊಳ್ಳಲಾಗಲಿಲ್ಲ. ಅವ್ವನ ಟ್ರಂಕಿನಲ್ಲಿ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ ಒಂದು ಹಾಳೆ ಇತ್ತು, ತಿಂಡಿ ಮಾಡುವ ವಿಧಾನ. ಅದನ್ನೂ ನಿಘಂಟನ್ನೂ ಎತ್ತಿಕೊಂಡು ಬಂದೆ. ಅಕ್ಷರ ಕೂಡಿಸಿ ಹುಡುಕಿದೆ. ಸಿಕ್ಕಿತು.

"ಕಾಬೂಲಿ ಅಲ್ಲಜ್ಜಿ, ಕಾಬ್ಲರ್. ಕಾಬ್ಲರ್ ಅಂದ್ರೆ ಚಮ್ಮಾರ. ಮೋಚಿ. ಜೋಡು ಹೊಲಿಯುವವನು."

ಅಷ್ಟೇ ಇತ್ತು ಆ ಪುಸ್ತಕದಲ್ಲಿ. ಈಗ ಫೋನಿನಲ್ಲಿ ಆ ಪದ ಹುಡುಕಿದರೆ ಹಣ್ಣಿನ ತಿಂಡಿಯ ಚಿತ್ರಗಳು ಸಾಲುಸಾಲಾಗಿ ಬರುತ್ತವೆ. ನನ್ನ ಅಂಗೈ ಅಗಲದ ನಿಘಂಟಿಗೆ ಇನ್ನೊಂದು ಸಾಲು ಬರೆಯಲು ಜಾಗವಿರಲಿಲ್ಲ. ಶಾಂತತ್ತೆ ಬಿದ್ದು ಬಿದ್ದು ನಕ್ಕಳು. ಅಡುಗೆಮನೆಯಿಂದ ಕಸ್ಟರ್ಡ್ ಪಾತ್ರೆ ಹಿಡಿದು ಬರುತ್ತಿದ್ದ ಅವ್ವನ ಕಡೆ ತಿರುಗಿ ಚುಡಾಯಿಸಿದಳು.

"ಏನತ್ತಿಗೆ, ಇಷ್ಟು ದಿನ ನಮಗೆಲ್ಲ ಚಮ್ಮಾರ್ರ ಮನಿ ತಿಂಡಿ ತಿನ್ನಿಸ್ತಿದ್ಯಾ?"

ಅವ್ವ ಹೊಸ್ತಿಲಲ್ಲೇ ನಿಂತಳು. ಪಾತ್ರೆಯನ್ನು ನಿಧಾನವಾಗಿ ನೆಲಕ್ಕಿಟ್ಟಳು. ಅವಳು ಶಾಂತತ್ತೆಯನ್ನು ನೋಡಲಿಲ್ಲ, ಅಜ್ಜಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಯಾರು ಹೇಳಿದ್ರು ನಿಂಗೆ?"

"ಇದರಾಗೆ ಐತವ್ವ," ಎಂದು ನಾನು ಪುಸ್ತಕ ತೋರಿಸಿದೆ.

ಅವಳಿಗೆ ಅದು ಕೇಳಿಸಲೇ ಇಲ್ಲ. ಅಜ್ಜಿಯ ಕಡೆ ತಿರುಗಿದಳು. "ನಾನೇ ಹೇಳ್ಬೇಕಂತ ಇದ್ದೆ ಅತ್ತೆ. ಮದುವಿ ದಿವ್ಸಾನೇ ಹೇಳಾಕೆ ಹೊಂಟಿದ್ದೆ. ಅವರೇ ಬ್ಯಾಡ ಅಂದ್ರು."

ಶಾಂತತ್ತೆಯ ನಗು ನಿಂತಿತು. ಅಜ್ಜಿಯ ಬಾಯಲ್ಲಿ ತುತ್ತಿತ್ತು. ಅವಳು ಅದನ್ನು ನುಂಗಲೂ ಇಲ್ಲ, ಉಗಿಯಲೂ ಇಲ್ಲ, ಒಂದು ಕೆನ್ನೆಗೆ ಸರಿಸಿ ಕೇಳಿದಳು.

"ಏನು ಹೇಳಾಕೆ?"

ಆಗ ಅವ್ವನಿಗೆ ಗೊತ್ತಾಯಿತು. ಯಾರೂ ಏನೂ ಕಂಡುಹಿಡಿದಿರಲಿಲ್ಲ, ಇದು ಬರೀ ತಮಾಷೆ, ಒಂದು ಪುಸ್ತಕದ ಒಂದು ಸಾಲು ಎಂಬುದು ಅವಳ ಮುಖದಲ್ಲಿ ಕಾಣಿಸಿತು. ಆಗಲೂ ಅವಳು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇಷ್ಟು ವರ್ಷ ಕಳೆದರೂ ನಾನು ಅವಳ ಪರವಾಗಿ ಆ ಸುಳ್ಳುಗಳನ್ನು ಹುಡುಕುತ್ತಲೇ ಇದ್ದೇನೆ. ಮೊಟ್ಟೆ ಹಾಕುತ್ತಿದ್ದೆ ಎನ್ನಬಹುದಿತ್ತು, ಡಾಕ್ಟರಮ್ಮ ಬೇರೆ ಧರ್ಮದವರು ಎನ್ನಬಹುದಿತ್ತು. ಅಜ್ಜಿ ಎರಡನೆಯ ಸಲ ಕೇಳಿದಳು, ಅದೇ ದನಿಯಲ್ಲಿ. ಅವ್ವನಿಗೆ ಸುಳ್ಳು ಹೇಳಿ ಸಾಕಾಗಿತ್ತೋ ಏನೋ.

"ನಮ್ಮಪ್ಪ ಹೊನ್ನಾಳಿ ಬಸ್‌ಸ್ಟ್ಯಾಂಡಿನಾಗೆ ಕೂತಿರ್ತಾನೆ," ಎಂದಳು.

ನನ್ನ ಪಾದದ ಮೇಲೆ ಮುದುಕನ ಗಟ್ಟಿ ಹೆಬ್ಬೆರಳು ಓಡಾಡಿದಂತಾಯಿತು. ಎಲ್ಲ ಚಪ್ಪಲಿಗಳೂ ಒಟ್ಟಿಗೆ ನೆನಪಾದವು. ಅಜ್ಜಿ ಎದ್ದು ಬಚ್ಚಲಿಗೆ ಹೋದಳು. ಉಗಿದ ಸದ್ದು, ಬಾಯಿ ಮುಕ್ಕಳಿಸಿದ ಸದ್ದು ಬಂತು, ಬಹಳ ಹೊತ್ತು ಬಂತು. ವಾಪಸು ಬಂದು ಕೊಡಗಳನ್ನು ಒಂದೊಂದಾಗಿ ಎತ್ತಿ, ಒಳಗಿದ್ದ ನೀರನ್ನೆಲ್ಲ ಪೇರಲ ಗಿಡದ ಬುಡಕ್ಕೆ ಚೆಲ್ಲಿದಳು. ತನ್ನ ಬಟ್ಟಲನ್ನು ತಿಪ್ಪೆಗೆಸೆದಳು. ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೂಗಾಡಿದ್ದರೆ ಮಾರನೆಯ ದಿನ ಗಂಟಲು ಸೋತು ಸುಮ್ಮನಾಗುತ್ತಿದ್ದಳೇನೋ. ಶಾಂತತ್ತೆ ಚೀಲ ತೆಗೆದುಕೊಂಡು, ಯಾರಿಗೂ ಹೇಳದೆ, ಮೂರು ಗಂಟೆಯ ಬಸ್ಸಿಗೆ ಹೊರಟುಹೋದಳು. ಸಂಜೆ ಅಪ್ಪ ಬಂದ. ಅಜ್ಜಿ ಪಡಸಾಲೆಯಲ್ಲಿ ಕೂತಿದ್ದಳು.

"ನಿಂಗೆ ಗೊತ್ತಿತ್ತಾ?"

"ಹೂಂ," ಎಂದ ಅಪ್ಪ.

ಅಪ್ಪ ಆ ಸಂಜೆ ಆಡಿದ್ದು ಅದೊಂದೇ ಶಬ್ದ. ಆಮೇಲಿನ ವರ್ಷಗಳಲ್ಲೂ ಅದಕ್ಕಿಂತ ಹೆಚ್ಚೇನೂ ಆಡಲಿಲ್ಲ. ಒಂದು ಹುಡುಗಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡಿ, ಮೆಚ್ಚಿ, ದುರುಗಿ ಎಂಬ ಹೆಸರು ಬದಲಿಸಿ ಮದುವೆಯಾಗುವಷ್ಟು ಧೈರ್ಯ ಅವನಿಗಿತ್ತು. ಆ ಧೈರ್ಯವೆಲ್ಲ ಅದೊಂದೇ ಕೆಲಸಕ್ಕೆ ಖರ್ಚಾಗಿತ್ತು. ಬೇರೆ ಮನೆ ಮಾಡಬಹುದಿತ್ತು. ಮಾಡಲಿಲ್ಲ. ಅವನ ಮೇಲಿನ ಸಿಟ್ಟು ನನಗೆ ಈಗಲೂ ಇಳಿದಿಲ್ಲ, ಮತ್ತು ಅದನ್ನು ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಮಾರನೆಯ ದಿನದಿಂದ ಅಡುಗೆಮನೆ ಅಜ್ಜಿಯ ಪಾಲಾಯಿತು. ಹಿತ್ತಲಲ್ಲಿ ಬಚ್ಚಲಿಗೆ ತಾಗಿದಂತೆ ಸೌದೆ ಇಡುವ ತಗಡಿನ ಚಪ್ಪರವಿತ್ತು. ಅಲ್ಲಿ ಮೂರು ಕಲ್ಲು ಹೂಡಿ ಅವ್ವ ತನ್ನ ಅಡುಗೆ ತಾನು ಮಾಡಿಕೊಳ್ಳತೊಡಗಿದಳು. ಗುಡಿಸುವುದು, ಒಗೆಯುವುದು, ಬೋರಿನಿಂದ ತನ್ನ ನೀರು ತರುವುದು ಎಲ್ಲ ಅವ್ವನದೇ, ಆದರೆ ಅಡುಗೆಮನೆಯ ಹೊಸ್ತಿಲಿನ ಆಚೆ ಅವಳಿಲ್ಲ. ಅಜ್ಜಿಯ ಕುಡಿಯುವ ನೀರು ನಾನು ತರಬೇಕು. ಅಪ್ಪ ಬೆಳಿಗ್ಗೆ ಅಜ್ಜಿಯ ಒಲೆಯದು, ಸಂಜೆ ಅವ್ವನ ಒಲೆಯದು ಉಂಡು, ಎರಡೂ ಕಡೆ ಅರ್ಧ ಹೊಟ್ಟೆಯಲ್ಲಿ ಏಳುತ್ತಿದ್ದ. ಮೊದಲ ದಿನ ಅಜ್ಜಿ ತಟ್ಟೆ ಹಾಕಿ ನನ್ನನ್ನು ಕರೆದಳು. ನೀನು ನನ್ನ ಮಗನ ರಕ್ತ, ಬಾ ಎಂದಳು. ನಾನು ನಡುಮನೆಯಲ್ಲಿ ನಿಂತಿದ್ದೆ. ಹಿತ್ತಲ ಬಾಗಿಲಿನಿಂದ ಅವ್ವ ನೋಡುತ್ತಿದ್ದಳು.

"ಹೋಗು, ಉಣ್ಣು ಹೋಗು," ಎಂದಳು ಅವ್ವ.

ಹೋದೆ. ಹೋಗಿ ಉಂಡೆ. ಅವ್ವನೇ ಕಳಿಸಿದಳು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಅದು ಅರ್ಧ ನಿಜ. ಉಳಿದರ್ಧ ಏನೆಂದರೆ ನನಗೆ ಹೆದರಿಕೆಯಾಗಿತ್ತು, ನಾಚಿಕೆಯೂ ಆಗಿತ್ತು. ಶಾಲೆಯಲ್ಲಿ ಯಾರಿಗಾದರೂ ತಿಳಿದರೆ ಏನು ಗತಿ ಎಂಬ ಯೋಚನೆ ಸದಾ ಇರುತ್ತಿತ್ತು. ಒಂದು ದಿನದ ಊಟ ಒಂದು ವಾರದ್ದಾಯಿತು, ಆಮೇಲೆ ಅದು ಪದ್ಧತಿಯಾಯಿತು. ಅಜ್ಜಿಯ ತಟ್ಟೆಯಲ್ಲಿ ಉಂಡು, ಕೈ ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಅವ್ವ ಒಬ್ಬಳೇ ಚಪ್ಪರದ ಕೆಳಗೆ ಕೂತು ಉಣ್ಣುತ್ತಿರುತ್ತಿದ್ದಳು. ನಾನು ಬಂದದ್ದು ಕಂಡರೆ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ನನಗೆ ಜಾಗ ಬಿಡುತ್ತಿದ್ದಳು. ನಾನು ಕೈ ತೊಳೆದು ಒಳಗೆ ಬರುತ್ತಿದ್ದೆ. ಪೇರಲ ಹಣ್ಣು ಉದುರಿ ನೆಲದಲ್ಲೇ ಕೊಳೆಯಿತು. ಓಣಿಯವರು ಕಾಬೂಲಿ ಯಾಕೆ ಮಾಡುತ್ತಿಲ್ಲ ಎಂದು ಕೇಳಿದರೆ ಅಜ್ಜಿ, ಹೊಟ್ಟೆಗೆ ಆಗಿ ಬರಲ್ಲ ಎನ್ನುತ್ತಿದ್ದಳು. ವಿಷಯ ಮನೆಯ ಹೊರಗೆ ಹೋಗದಂತೆ ಕಾದವಳೂ ಅಜ್ಜಿಯೇ. ಹೊರಗಿನವರ ಮುಂದೆ ಅವ್ವ ಅವಳಿಗೆ ಸೊಸೆ.

ಹೊನ್ನಾಳಿಗೆ ನಾನು ಹೋಗುವುದನ್ನು ಬಿಟ್ಟೆ. ಹಟ ಮಾಡಿ ಶೂ ಕೊಡಿಸಿಕೊಂಡೆ, ಶೂಗೆ ಉಂಗುಟವಿಲ್ಲ. ಅವ್ವ ಒಬ್ಬಳೇ ಹೋಗಿ ಬರುತ್ತಿದ್ದಳು. ಎರಡು ವರ್ಷದ ನಂತರ ಒಂದು ಸಲ ಹೋದವಳು ನಾಲ್ಕು ದಿನ ಬರಲಿಲ್ಲ. ಬಂದ ಮೇಲೆ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಚಪ್ಪರದಲ್ಲಿ ಕೂತಳು. ನಾನು ಹತ್ತಿರ ಹೋದೆ.

"ಜೀವ ಹೋಗೋ ಮುಂಚೆ ನಮ್ಮಪ್ಪ ನಿನ್ನ ಕೇಳ್ತಿದ್ದ," ಎಂದಳು. "ಆ ಹುಡುಗಿ ಚಪ್ಪಲಿ ಈಗ ಕೀಳಂಗಿಲ್ವಾ ಅಂತ ಕೇಳ್ತಿದ್ದ. ದೊಡ್ಡೋಳಾದ್ಲು, ಹುಷಾರಾಗಿ ನಡೀತಾಳೆ ಅಂದೆ."

ನಾನು ಅಳಲಿಲ್ಲ. ಅಳುವ ಹಕ್ಕು ನನಗಿದೆ ಎಂದು ಅನಿಸಲಿಲ್ಲ.

ನಾನು ಪಿಯುಸಿ ಓದುವಾಗ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ಏಳಲಿಲ್ಲ. ನಡುಮನೆಯಲ್ಲಿ ದೇವರ ಗೂಡಿನ ಎದುರಿಗೆ ಅವಳ ಹಾಸಿಗೆ. ಮಲ ಮೂತ್ರ ಎಲ್ಲ ಅಲ್ಲೇ. ಅದನ್ನು ಬಳಿದವಳು ಅವ್ವ. ದಿನಕ್ಕೆ ಎರಡು ಸಲ ಮೈ ಒರೆಸಿ, ಮಗ್ಗುಲು ತಿರುಗಿಸಿ, ಬೆನ್ನಿನ ಹುಣ್ಣಿಗೆ ಪುಡಿ ಹಾಕಿ, ಬಟ್ಟೆ ಬದಲಿಸುತ್ತಿದ್ದಳು. ಅಜ್ಜಿ ಅವಳ ಕುತ್ತಿಗೆಗೆ ಕೈ ಹಾಕಿ ಎದ್ದು ಕೂರುತ್ತಿದ್ದಳು. ಆದರೆ ನೀರು ಬೇಕಾದರೆ ನನ್ನನ್ನೇ ಕರೆಯುತ್ತಿದ್ದಳು. ನಾನು ಕಾಲೇಜಿಗೆ ಹೋದ ದಿನ, ನಾನು ತುಂಬಿಟ್ಟು ಹೋದ ಚೊಂಬು ಕೈಗೆ ಎಟುಕದಿದ್ದರೆ, ಅವ್ವ ಎದುರಿಗೇ ಕೂತಿದ್ದರೂ, ನಾನು ಬರುವವರೆಗೂ ಒಣ ತುಟಿ ನೆಕ್ಕುತ್ತ ಕಾಯುತ್ತಿದ್ದಳು. ಅವ್ವನೂ ಕಾಯುತ್ತಿದ್ದಳು. ಹೇಲು ಬಳಿಯಲು ಆಗುವ ಕೈ ನೀರು ಕೊಡಲು ಆಗುವುದಿಲ್ಲ ಎಂಬುದನ್ನು ಇಬ್ಬರೂ ಒಪ್ಪಿಕೊಂಡವರಂತೆ ಇದ್ದರು. ಅವರಿಬ್ಬರ ನಡುವೆ ನಾನು ಚೊಂಬು ಹಿಡಿದು ನಿಲ್ಲುತ್ತಿದ್ದೆ. ಅಜ್ಜಿಯನ್ನು ದ್ವೇಷಿಸುವುದು ಸುಲಭ, ಎಷ್ಟೋ ಸಲ ದ್ವೇಷಿಸಿದ್ದೇನೆ. ಆದರೆ ನನ್ನ ಜಡೆ ಹಾಕಿದ್ದು, ನನಗೆ ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತದ್ದು ಅವಳೇ.

ಕೊನೆಗೆ ಊಟ ಸೇರದಾಯಿತು. ಗಂಜಿಯನ್ನೂ ಬಾಯಿಂದ ಹೊರಗೆ ಬಿಡತೊಡಗಿದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಕಾಬೂಲಿ ತಿನ್ಬೇಕು ಅನ್ಸೈತೆ ಕಣೇ."

"ಅವ್ವಂಗೆ ಹೇಳ್ಲಾ?" ಎಂದೆ.

ಅಜ್ಜಿ ಸೂರು ನೋಡಿದಳು. "ನೀನು ಮಾಡು. ನಿಂಗೆ ಬರ್ತೈತಲ್ಲ."

ಅವ್ವನಿಗೆ ಹೇಳಿದೆ. ಅವಳು ಗಿಡದಿಂದ ಹಣ್ಣು ಕಿತ್ತು ಕೊಟ್ಟಳು. ಕೀಳಬಹುದೇ ಎಂದು ಯಾರನ್ನೂ ಕೇಳಲಿಲ್ಲ. ನಾನು ಅಡುಗೆಮನೆಯೊಳಗೆ, ಅವ್ವ ಹಿತ್ತಲ ಬಾಗಿಲಿನ ಆಚೆ. ಹಣ್ಣನ್ನು ತೆಳ್ಳಗೆ ಹೆಚ್ಚು, ಬೆಲ್ಲ ಸಾಕು, ಕೆಂಡ ಮುಚ್ಚಳದ ಅಂಚಿಗೆ ಹಾಕು ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ನಾನು ಹಿಟ್ಟಿಗೆ ಕೈ ಹಾಕಿದಾಗ ಅವಳ ಎರಡು ಕೈಯೂ ಗಾಳಿಯಲ್ಲಿ ಎದ್ದವು, ಬೆರಳುಗಳು ಆಡಿದವು.

"ಸಾಕು, ಸಾಕು ಬಿಡು. ಇನ್ನ ಮುಟ್ಟಬ್ಯಾಡ. ಅಯ್ಯೋ, ಮುಟ್ಟಬ್ಯಾಡ ಅಂದ್ನಲ್ಲ."

ನಾನು ಮುಟ್ಟಿಬಿಟ್ಟಿದ್ದೆ. ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟಿದ್ದರೆ ಅವಳೇ ಸರಿ ಮಾಡುತ್ತಿದ್ದಳು. ಬಾ ಎಂದು ನಾನು ಕರೆಯಲಿಲ್ಲ. ಅಜ್ಜಿ ಹಾಸಿಗೆ ಹಿಡಿದಿದ್ದಳು, ಅಪ್ಪ ಮನೆಯಲ್ಲಿರಲಿಲ್ಲ, ನೋಡುವವರು ಯಾರೂ ಇರಲಿಲ್ಲ. ಆದರೂ ಕರೆಯಲಿಲ್ಲ. ಅವ್ವನೂ ಬರಲಿಲ್ಲ. ಬೆಂದ ಮೇಲೆ ಅವಳು ಅಜ್ಜಿಯ ಹಾಸಿಗೆ ಬಟ್ಟೆಗಳನ್ನು ಎತ್ತಿಕೊಂಡು ಹಿತ್ತಲ ಮೂಲೆಯ ಒಗೆಯುವ ಕಲ್ಲಿನ ಹತ್ತಿರ ಹೋದಳು. ಅಲ್ಲಿಗೆ ಒಳಗಿನ ಮಾತು ಕೇಳಿಸುವುದಿಲ್ಲ. ನಾನು ಬಟ್ಟಲಿಗೆ ಹಾಕಿ, ಕಸ್ಟರ್ಡ್ ಸುರಿದು, ಅಜ್ಜಿಯ ತಲೆಯ ಕೆಳಗೆ ಕೈ ಕೊಟ್ಟು ಒಂದು ಚಮಚ ಬಾಯಿಗಿಟ್ಟೆ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ವಸಡಿನಲ್ಲಿ ಅಮುಕಿದಳು. ಆಮೇಲೆ ಚಮಚವನ್ನು ಕೈಯಿಂದ ಮೆಲ್ಲಗೆ ತಳ್ಳಿದಳು.

"ನಿಮ್ಮವ್ವನ ಕೈ ಬಂದಿಲ್ಲ," ಎಂದಳು. "ಒಯ್ಯಿ."

ಬಟ್ಟಲು ಹಿಡಿದು ಹಿತ್ತಲಿಗೆ ಬಂದೆ. ಅವ್ವ ಕಲ್ಲಿನ ಮೇಲೆ ಬಗ್ಗಿ ಬಟ್ಟೆ ಉಜ್ಜುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ಏನಂದ್ರು?"

ಅವಳ ಮುಂಗೈಯೆಲ್ಲ ಸೋಪಿನ ನೊರೆ. ಅಜ್ಜಿ ತಿನ್ನಲಿಲ್ಲ ಎಂದರೆ ಅವಳಿಗೆ ನೋವಾಗುತ್ತದೆ ಎಂಬುದಷ್ಟೇ ನನಗೆ ಹೊಳೆದದ್ದು. ಆರನೆಯ ತರಗತಿಯ ಆ ಭಾನುವಾರದಿಂದ ನಾನು ನಿಜ ಹೇಳುವುದಕ್ಕೆ ಹೆದರುತ್ತಿದ್ದೆ.

"ಚಲೋ ಆಗೈತೆ ಅಂದ್ಲು," ಎಂದೆ.

ಅವ್ವ ನನ್ನ ಮುಖ ನೋಡಿದಳು. "ಹೌದಾ," ಎಂದಳು. ಬಟ್ಟೆಯನ್ನು ಹಿಂಡಿ ಪಕ್ಕಕ್ಕಿಟ್ಟು, ಇನ್ನೊಂದನ್ನು ಎಳೆದುಕೊಂಡಳು. "ಹಂಗಾದ್ರೆ ಇನ್ನ ನನ್ನ ಕೈದು ಬ್ಯಾಡ ಬಿಡು."

ಅಜ್ಜಿ ಮುಂದಿನ ವಾರ ತೀರಿಕೊಂಡಳು. ಅವಳ ಬಾಯಿಗೆ ಕೊನೆಯ ನೀರನ್ನೂ ನಾನೇ ಬಿಟ್ಟೆ. ಹದಿನೆಂಟು ವರ್ಷ ಒಂದೇ ಸೂರಿನಡಿ ಬದುಕಿದ ಅತ್ತೆಯಿಂದ ಅವ್ವನಿಗೆ ಸಲ್ಲಬೇಕಾದ ಮೂರು ಮಾತಿದ್ದವು, ಅವು ನನ್ನ ಕೈಗೆ ಬಂದಿದ್ದವು, ನಾನು ದಾಟಿಸಲಿಲ್ಲ. ಇದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ತಿಳಿದ ಮೇಲೂ ಹೇಳಲಿಲ್ಲ. ಹೇಳಿದರೆ ಮೊದಲು ಆ ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು, ಅದರ ಜೊತೆಗೆ ಹೊಸ್ತಿಲ ಈಚೆ ನಿಂತು ಕರೆಯದೆ ಇದ್ದದ್ದನ್ನೂ.

ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆ ಹೊನ್ನಾಳಿಯಲ್ಲೇ ಇದ್ದಳು. ನನಗೆ ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ. ಬಸ್‌ಸ್ಟ್ಯಾಂಡಿನ ಆ ಗೋಡೆಯನ್ನು ಒಡೆದು ಹೊಸದು ಕಟ್ಟಿದ್ದಾರೆ. ನನ್ನ ಮನೆಯಲ್ಲಿ ಯಾವ ಹೊಸ್ತಿಲಿಗೂ ಕಾನೂನಿಲ್ಲ, ಆದರೂ ಅವ್ವ ತಟ್ಟೆ ಹಿಡಿದುಕೊಂಡು ಹಿಂಬಾಗಿಲಿನ ಮೆಟ್ಟಿಲಿಗೆ ಹೋಗಿ ಕೂರುತ್ತಿದ್ದಳು. ಅಲ್ಲಿ ಗಾಳಿ ಐತೆ ಎನ್ನುತ್ತಿದ್ದಳು. ಓವನ್ ಕೊಂಡ ವರ್ಷ, ಅವ್ವ, ಒಂದು ಸಲ ನೀನೇ ಕಾಬ್ಲರ್ ಮಾಡು ಎಂದು ಅಂಗಲಾಚಿದೆ. ನಿನಗೇ ಬರ್ತೈತಲ್ಲ, ನಿಮ್ಮಜ್ಜಿನೇ ಒಪ್ಪಿದ್ಲಲ್ಲ ಎಂದು ನಕ್ಕಳು. ಪ್ರತಿ ಸಲವೂ ಅದೇ ಮಾತು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಅವಳಿಗೂ ಊಟ ಸೇರದಾದಾಗ ನಾನು ಪೇರಲ ಹಣ್ಣು ತಂದು ಕಾಬ್ಲರ್ ಮಾಡಿದೆ. ಕಸ್ಟರ್ಡ್ ಹಾಕಿ, ತಲೆಯ ಕೆಳಗೆ ಕೈ ಕೊಟ್ಟು, ಒಂದು ಚಮಚ ಬಾಯಿಗಿಟ್ಟೆ. ಇವತ್ತು ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡೇ ಕೂತಿದ್ದೆ. ಅವಳು ನಿಧಾನವಾಗಿ ಅಗಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು, ನನ್ನ ಕೆನ್ನೆ ಮುಟ್ಟಿದಳು.

"ಚಲೋ ಆಗೈತೆ," ಎಂದಳು.

ಆಮೇಲೆ ನಾನು ಏನೂ ಹೇಳಲಿಲ್ಲ. ಅವಳಿಗೆ ಅಷ್ಟಾದರೂ ಸೇರಿತಲ್ಲ ಎಂದು ಸಮಾಧಾನ ಪಟ್ಟುಕೊಂಡೆ. ಅವಳು ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ಒಗೆಯಲು ತೆಗೆದಾಗ ಒಂದರ ಸೆರಗಿನ ತುದಿಯಲ್ಲಿ ಸಣ್ಣ ಗಂಟು ಸಿಕ್ಕಿತು. ಬಿಚ್ಚಿ ನೋಡಿದೆ. ನುಂಗಲಾಗದೆ ತೆಗೆದಿಟ್ಟ ಹಿಟ್ಟಿನ ಉಂಡೆ, ಒಣಗಿ ಕಲ್ಲಾಗಿತ್ತು.